ಫೋನಿನ ದನಿ ಬಸ್ಸು ಹತ್ತಿ ಬಂದ ದಿನ

ತಿಪಟೂರು ಪೇಟೆಯಲ್ಲಿ ನನ್ನದೊಂದು ರಕ್ತಪರೀಕ್ಷೆಯ ಲ್ಯಾಬ್ ಇದೆ. ಮನೆಯವರು ಬಿಳಿಗೆರೆಯಲ್ಲಿ ತೋಟ ನೋಡಿಕೊಳ್ಳುತ್ತಾರೆ. ನಾನು ಬೆಳಗಿನ ಬಸ್ಸಿಗೆ ಬಂದು ಬಾಗಿಲು ತೆಗೆಯುತ್ತೇನೆ. ಅಷ್ಟರಲ್ಲಾಗಲೇ ಸಕ್ಕರೆ ಕಾಯಿಲೆಯವರು ಖಾಲಿ ಹೊಟ್ಟೆಯಲ್ಲಿ ಬಂದು ಮೆಟ್ಟಿಲ ಮೇಲೆ ಕೂತಿರುತ್ತಾರೆ. ಕೊಬ್ಬರಿ ಹರಾಜಿನ ದಿನವಂತೂ ಕಾಲಿಡಲು ಜಾಗವಿರುವುದಿಲ್ಲ. ಮಾಲು ತಂದ ರೈತರು ಹೇಗೂ ಪೇಟೆಗೆ ಬಂದಿದ್ದೇವಲ್ಲ ಎಂದು ರಕ್ತವನ್ನೂ ಕೊಟ್ಟು ಹೋಗುತ್ತಾರೆ.

ಕೌಂಟರಿನಲ್ಲಿ ಕೂರುವವಳು ನೊಣವಿನಕೆರೆಯಿಂದ ಬರುತ್ತಾಳೆ. ಲ್ಯಾಬ್ ಶುರುವಾದಾಗಿನಿಂದಲೂ ಜೊತೆಗಿರುವವಳು. ಹೆಸರು ಬರೆದುಕೊಳ್ಳುವುದು, ರಿಪೋರ್ಟ್ ಟೈಪ್ ಮಾಡುವುದು, ಮುದುಕರಿಗೆ ಗದರಿ ನೀರು ಕುಡಿಸುವುದು ಎಲ್ಲ ಅವಳದೇ. ನಮ್ಮ ಜೊತೆ ಇನ್ನೂ ಒಬ್ಬರಿದ್ದರು. ಆದರೆ ಅವರ ಮುಖವನ್ನು ನಾವು ಕಂಡಿರಲಿಲ್ಲ. ರಿಪೋರ್ಟಿನ ಸಾಫ್ಟ್‌ವೇರ್ ಕೊಟ್ಟ ತುಮಕೂರಿನ ಕಂಪನಿಯ ಇಂಜಿನಿಯರ್ ಆಕೆ. ಪ್ರಿಂಟರ್ ನಿಂತುಹೋದರೆ ಫೋನ್ ಮಾಡಿದರೆ ಸಾಕು, ಅಲ್ಲಿ ಕೂತೇ ನಮ್ಮ ಕಂಪ್ಯೂಟರಿನೊಳಗೆ ಬಂದು ಸರಿಮಾಡಿಬಿಡುತ್ತಿದ್ದರು. ಹಾಗೆ ದೂರದಿಂದ ಒಳಗೆ ಬರಲೆಂದೇ ಇನ್ನೊಂದು ಸಾಫ್ಟ್‌ವೇರ್ ಹಾಕಿಟ್ಟಿದ್ದರು. ಮೌಸ್ ಯಾರೂ ಮುಟ್ಟದಿದ್ದರೂ ಪರದೆಯ ಮೇಲೆ ಬಾಣ ಓಡಾಡುವುದನ್ನು ನಮ್ಮ ಬೆಂಚಿನ ಮೇಲಿನವರು ಕತ್ತು ಚಾಚಿ ನೋಡುತ್ತಿದ್ದರು.

ಕಳೆದ ವರ್ಷ ಒಂದು ಹರಾಜಿನ ದಿನ ಬೆಳಿಗ್ಗೆಯೇ ಪ್ರಿಂಟರ್ ಕೈಕೊಟ್ಟಿತು. ಫೋನ್ ಮಾಡಿದೆ. ಬಾಣ ಓಡಾಡಲು ಶುರುವಾಯಿತು. ಎರಡು ಕಿಟಕಿ ತೆರೆಯಿತು, ಮುಚ್ಚಿತು. ಆಮೇಲೆ ಒಂದು ಕಡೆ ಸುಮ್ಮನೆ ನಿಂತುಬಿಟ್ಟಿತು.

"ಮೇಡಂ, ನಿಮ್ಮಲ್ಲಿ ಬೇರೆ ಯಾರಾದ್ರೂ ಕಂಪ್ಯೂಟರ್‌ನೋರು ಬಂದು ಕೆಲ್ಸ ಮಾಡಿದ್ರಾ?" ಎಂದು ಆಕೆ ಕೇಳಿದರು.

"ಇಲ್ಲ ಕಣಮ್ಮ. ನಿಮ್ಮನ್ನ ಬಿಟ್ರೆ ನಮಗಿನ್ಯಾರಿದಾರೆ?"

"ಇಲ್ಲೊಂದು ಹೊಸ ಯೂಸರ್ ಕಾಣ್ತಿದೆ. ಪೂರ್ತಿ ಅಧಿಕಾರ ಇರೋ ಯೂಸರ್. ನಾನು ಮಾಡಿದ್ದಲ್ಲ. ಆಂಟಿವೈರಸ್ಸೂ ಯಾರೋ ನಿಲ್ಸಿಬಿಟ್ಟಿದಾರೆ." ದನಿ ಬದಲಾಗಿತ್ತು. "ಮೇಡಂ, ಇಂಟರ್‌ನೆಟ್ ವೈರ್ ಕಿತ್ತುಬಿಡಿ. ಈಗ್ಲೇ. ಕಂಪ್ಯೂಟರ್ ಆಫ್ ಮಾಡ್ಬೇಡಿ, ಬಂದೋನ ಗುರುತು ಅಳಿಸಿಹೋಗುತ್ತೆ. ವೈರ್ ಮಾತ್ರ ಕೀಳಿ."

ಮೇಜಿನಡಿ ಬಗ್ಗಿ ವೈರ್ ಕಿತ್ತೆ.

"ಕಿತ್ತೆ ಕಣಮ್ಮ. ಈಗ ನೀವು ಹೆಂಗೆ ಒಳಗೆ ಬತ್ತೀರಾ?"

"ಆ ದಾರಿ ಬೇಡ ಮೇಡಂ. ನಾನು ಬಸ್ಸಿಗೇ ಬರ್ತೀನಿ."

ಒಳಗೆ ಬೆಂಚು ತುಂಬಿತ್ತು. ಕಂಪ್ಯೂಟರ್ ಕೆಟ್ಟಿದೆ, ರಿಪೋರ್ಟು ಕೈಯಲ್ಲೇ ಬರೆದುಕೊಡುತ್ತೇವೆ, ಸ್ವಲ್ಪ ತಡವಾಗುತ್ತದೆ ಎಂದು ಹೇಳಿದೆ. ಬೈಯುತ್ತಾರೆ ಎಂದುಕೊಂಡಿದ್ದೆ. ಯಾರೂ ಬೈಯಲಿಲ್ಲ. ಒಬ್ಬ ಕೊಬ್ಬರಿ ವ್ಯಾಪಾರಿ ನಾನು ಬರೆದುಕೊಟ್ಟ ಹಾಳೆಯನ್ನು ದೂರ ಹಿಡಿದು ನೋಡಿ, "ಡಾಕ್ಟ್ರು ಬರ್ದಿದ್ದು ಒಂದಕ್ಷರ ತಿಳಿಯಕಿಲ್ಲ ಕಣ್ರೀ. ನಿಮ್ದು ಮುತ್ತಿನಂಗದೆ. ಇನ್ಮೇಲೆ ಹಿಂಗೇ ಬರ್ಕೊಡಿ" ಎಂದರು. ಬೆಂಚಿಗೆ ಬೆಂಚೇ ನಕ್ಕಿತು. ಆ ನಗು ಆ ಹೊತ್ತಿನಲ್ಲಿ ನನಗೆಷ್ಟು ಬೇಕಾಗಿತ್ತು ಎಂಬುದು ಅವರಿಗೆ ಗೊತ್ತಿರಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಆಕೆ ಬಂದರು. ಕೆ.ಬಿ. ಕ್ರಾಸಿನ ಹತ್ತಿರ ಬಸ್ಸು ಕೆಟ್ಟು, ಇನ್ನೊಂದರಲ್ಲಿ ನಿಂತುಕೊಂಡೇ ಬಂದಿದ್ದರು. ಫೋನಿನ ದನಿ ಕೇಳಿ ಸಣಕಲು ಹುಡುಗಿಯೊಬ್ಬಳನ್ನು ಮನಸ್ಸಿನಲ್ಲಿಟ್ಟುಕೊಂಡಿದ್ದೆ. ಬಾಗಿಲಲ್ಲಿ ನಿಂತಿದ್ದವರು ಮುಂದಲೆ ನರೆತ, ಗಟ್ಟಿ ಮೈಕಟ್ಟಿನ ಹೆಂಗಸು. "ಎಳನೀರು ಕುಡೀರಿ ಮೊದ್ಲು" ಎಂದೆ. "ಮೊದ್ಲು ಅದನ್ನ ನೋಡ್ಬಿಡ್ತೀನಿ" ಎಂದು ಬ್ಯಾಗನ್ನು ಹೆಗಲಿನಿಂದ ಇಳಿಸುತ್ತಲೇ ಕಂಪ್ಯೂಟರಿನ ಮುಂದೆ ಕೂತರು.

ಒಂದೊಂದಾಗಿ ಎಲ್ಲ ತೆರೆದು ನೋಡಿದರು. ಆಮೇಲೆ ಕುರ್ಚಿಯನ್ನು ನಮ್ಮ ಕಡೆಗೆ ತಿರುಗಿಸಿ, ಕೌಂಟರಿನವಳನ್ನು ಮೆಲ್ಲಗೆ ಕೇಳಿದರು: "ಮೊನ್ನೆ ಒಂದು ಈಮೇಲ್ ಬಂದಿತ್ತಾ? ಹಳೇ ರಿಪೋರ್ಟು ಕಳಿಸಿದೀನಿ, ನೋಡಿ ಅಂತ?"

ಬಂದಿತ್ತು. ಯಾರೋ ಕಾಯಿಲೆಯವರು ಪಾಪ ಎಂದು ತೆರೆದಿದ್ದಳು. ಒಳಗೆ ಏನೂ ಕಾಣದೆ ಮುಚ್ಚಿದ್ದಳು. "ಅಕ್ಕಾ, ನನ್ನಿಂದ್ಲೇ ಆಗೋಯ್ತಲ್ಲ" ಎಂದು ಸೆರಗು ಬಾಯಿಗೆ ಹಿಡಿದು ಅಳತೊಡಗಿದಳು.

"ಅಳ್ಬೇಡಿ, ಇಲ್ಲಿ ಕೇಳಿ" ಎಂದು ಇಂಜಿನಿಯರ್ ಅವಳನ್ನು ಪಕ್ಕಕ್ಕೆ ಕೂರಿಸಿಕೊಂಡರು. "ನಿಮ್ಮ ಲಾಗಿನ್ನಿಗೆ ರಿಪೋರ್ಟ್ ಟೈಪ್ ಮಾಡೋ ಅಧಿಕಾರ ಬಿಟ್ರೆ ಬೇರೆ ಇಲ್ಲ. ಬೇಕು ಅಂತ್ಲೇ ನಾನು ಹಂಗೆ ಮಾಡಿಟ್ಟಿದ್ದು. ಆ ಈಮೇಲ್ ಮೂಲಕ ನಿಮ್ಮ ಹೆಸರಲ್ಲಿ ಒಳಗೆ ಬಂದೋನಿಗೆ ಹೊಸ ಯೂಸರ್ ಮಾಡೋಕಾಗ್ಬಾರ್ದು, ಆಂಟಿವೈರಸ್ ನಿಲ್ಸೋಕಾಗ್ಬಾರ್ದು. ಆದ್ರೆ ನಾವು ದೂರದಿಂದ ಬರೋಕೆ ಹಾಕಿದ್ವಲ್ಲ, ಆ ಸಾಫ್ಟ್‌ವೇರ್ ಯಾವಾಗ್ಲೂ ಪೂರ್ತಿ ಅಧಿಕಾರದಲ್ಲೇ ಓಡ್ತಿರುತ್ತೆ. ಅದರಲ್ಲೇ ಒಂದು ದೋಷ ಇತ್ತು. ಸಾಮಾನ್ಯ ಲಾಗಿನ್ನಲ್ಲಿ ಇರೋನೂ ಅದರ ಅಧಿಕಾರ ಬಳಸ್ಕೊಂಡು ಕಂಪ್ಯೂಟರಿಗೇ ಯಜಮಾನ ಆಗ್ಬೋದಿತ್ತು. ಅವನು ಮಾಡಿರೋದು ಅದನ್ನೇ."

"ಹಂಗಿದ್ರೆ ಆ ಸಾಫ್ಟ್‌ವೇರ್ ಮಾಡಿದೋರ್ಗೆ ಈ ದೋಷ ಗೊತ್ತಿರ್ಲಿಲ್ವಾ?" ಎಂದೆ.

"ಗೊತ್ತಾಗಿ ಅದನ್ನ ಸರಿಮಾಡೋ ಅಪ್‌ಡೇಟೂ ಕಳ್ಸಿದ್ರು ಮೇಡಂ. ನಮ್ಮ ಆಫೀಸು ಅದನ್ನ ಸರದಿ ಮೇಲೆ ಎಲ್ಲ ಲ್ಯಾಬಿಗೂ ಹಾಕ್ಕೊಂಡು ಬರ್ತಿತ್ತು. ನಿಮ್ಮ ಸರದಿ ಇನ್ನೂ ಬಂದಿರ್ಲಿಲ್ಲ. ಅದಕ್ಕೇ ನಾನೇ ಎದ್ದು ಬಂದೆ."

ಈ ಮಾತನ್ನು ಆಕೆ ಹೇಳಬೇಕಾಗಿರಲಿಲ್ಲ. ತಪ್ಪನ್ನು ನಮ್ಮ ಕೌಂಟರಿನವಳ ತಲೆಗೆ ಕಟ್ಟಿ ಹೋಗಿದ್ದರೆ ನಮಗೆ ತಿಳಿಯುತ್ತಲೂ ಇರಲಿಲ್ಲ. ಕಂಪನಿಯ ಮಾನಕ್ಕಿಂತ, ಎದುರಿಗೆ ಅಳುತ್ತ ಕೂತಿದ್ದವಳ ಮನಸ್ಸು ದೊಡ್ಡದು ಅನ್ನಿಸಿತು ಆಕೆಗೆ.

ಕಂಪ್ಯೂಟರನ್ನು ಪೂರ್ತಿ ಅಳಿಸಿ ಹೊಸದಾಗಿ ಕಟ್ಟಬೇಕು ಎಂದರು. ಹಾಗಾದರೆ ಇಷ್ಟು ವರ್ಷದ ರಿಪೋರ್ಟುಗಳು? ಅಷ್ಟರಲ್ಲಿ ಕೌಂಟರಿನವಳು ಕಣ್ಣೊರೆಸಿಕೊಂಡು ಎದ್ದು ಬೀರು ತೆಗೆದಳು. ಟವೆಲಿನಲ್ಲಿ ಸುತ್ತಿಟ್ಟಿದ್ದ ಒಂದು ಹಾರ್ಡ್‌ಡಿಸ್ಕ್ ತಂದು ಮೇಜಿನ ಮೇಲಿಟ್ಟಳು. ವಾರಕ್ಕೊಮ್ಮೆ ಎಲ್ಲವನ್ನೂ ಅದಕ್ಕೆ ನಕಲು ಮಾಡಿ ಬಿಚ್ಚಿಡಿ ಎಂದು ಇಂಜಿನಿಯರ್ ಯಾವಾಗಲೋ ಹೇಳಿದ್ದರಂತೆ. ಅವಳು ಹಬ್ಬದ ವಾರವೂ ತಪ್ಪಿಸದೆ ಮಾಡಿದ್ದಳು. ನನಗದು ಮರೆತೇಹೋಗಿತ್ತು.

"ನೋಡಿ, ಲ್ಯಾಬ್ ಉಳಿಸಿದೋರೂ ನೀವೇನೆ" ಎಂದು ಆಕೆ ಅವಳ ಬೆನ್ನು ತಟ್ಟಿದರು. ಅವಳು ಅಳುತ್ತಲೇ ನಕ್ಕಳು.

ಇಳಿಹೊತ್ತಿಗೆ ಕೆಲಸ ಮುಗಿಯಿತು. ಮೊದಲು ಕಂಪ್ಯೂಟರಿನಲ್ಲಿದ್ದ ಗುರುತುಗಳನ್ನೆಲ್ಲ ನಕಲು ಮಾಡಿಕೊಂಡು, ಸೈಬರ್ ಪೊಲೀಸರಿಗೆ ದೂರು ಬರೆಸಿದ್ದರು. ದೂರದಿಂದ ಬರುವ ಸಾಫ್ಟ್‌ವೇರನ್ನು, ನಾವು ತೆರೆದು ಕೊಟ್ಟಾಗ ಮಾತ್ರ ಕೆಲಸ ಮಾಡುವಂತೆ ಕಟ್ಟಿಟ್ಟರು. ಹೊರಡುವಾಗ ನಾನು ಭಯದಿಂದಲೇ ಕೇಳಿದೆ: "ನಮ್ಮ ರಿಪೋರ್ಟುಗಳನ್ನ ಅವನು ನೋಡ್ಬುಟ್ನಾ?"

"ಕದ್ದೊಯ್ದಿರೋ ಗುರುತು ಕಾಣ್ಲಿಲ್ಲ. ನೋಡೇ ಇಲ್ಲ ಅಂತ ಆಣೆ ಇಟ್ಟು ಹೇಳೋಕೆ ಮಾತ್ರ ಆಗಲ್ಲ ಮೇಡಂ" ಎಂದರು. ಬಸ್‌ಸ್ಟ್ಯಾಂಡಿನವರೆಗೆ ಜೊತೆಯಲ್ಲಿ ಹೋದೆ. ತೆಂಗಿನಕಾಯಿ ಕೊಡಹೋದರೆ ಹೊರಲಾರೆ ಎಂದರು. ಲ್ಯಾಬಿನಿಂದ ತಂದಿದ್ದ ನಮ್ಮ ಅಟ್ಟದ ಕೊಬ್ಬರಿಯನ್ನು ಬ್ಯಾಗಿಗೆ ತುರುಕಿದೆ. ಕಿಟಕಿಯ ಸೀಟು ಸಿಕ್ಕಿದ್ದಕ್ಕೆ ಮಗುವಿನ ಹಾಗೆ ಖುಷಿಪಟ್ಟರು.

ಆ ಸಂಜೆ ಮನೆಯಲ್ಲಿ ಎಲ್ಲ ಹೇಳಿದಾಗ ನಮ್ಮವರು, "ಯಾರ್ಗೂ ಗೊತ್ತಿಲ್ವಲ್ಲ, ಸುಮ್ಕಿದ್ಬುಡು" ಎಂದರು. ನನಗೂ ಅದೇ ಸುಲಭವೆನಿಸಿತು. ಆದರೆ ಸಕ್ಕರೆಯ ರಿಪೋರ್ಟು ಮಾತ್ರವಲ್ಲ, ಗಂಡ ಹೆಂಡತಿ ಮನೆಯವರಿಗೂ ತಿಳಿಸದೆ ಮಾಡಿಸಿಕೊಂಡ ಪರೀಕ್ಷೆಗಳೂ ಅದರಲ್ಲಿದ್ದವು. ನನ್ನನ್ನು ನಂಬಿ ಕೈ ಚಾಚಿದವರು ಅವರು. ಮಾರನೆಯ ದಿನ ನಡೆದದ್ದನ್ನು ಬರೆದ ಚೀಟಿಯೊಂದನ್ನು ಲ್ಯಾಬಿನ ಗೋಡೆಗೆ ಅಂಟಿಸಿ, ಗುಟ್ಟಿನ ಪರೀಕ್ಷೆ ಮಾಡಿಸಿಕೊಂಡವರಿಗೆ ಒಬ್ಬೊಬ್ಬರಿಗೂ ನಾನೇ ಫೋನ್ ಮಾಡಿದೆ. ನಮ್ಮವರು ಬಂದು ಪಕ್ಕದಲ್ಲಿ ಕೂತರು. ಸುಮ್ಮನಿರು ಎಂದವರೇ ಫ್ಲಾಸ್ಕಿನಲ್ಲಿ ಕಾಫಿ ತಂದಿದ್ದರು.

ಒಬ್ಬರು ರೇಗಿದರು. ರೇಗುವ ಹಕ್ಕು ಅವರಿಗಿತ್ತು, ಪೂರ್ತಿ ಕೇಳಿಸಿಕೊಂಡೆ. ಹೆಚ್ಚಿನವರು "ಆಯ್ತು ಬುಡಿ, ಏನ್ ಮಾಡೋಕಾಗುತ್ತೆ" ಎಂದರು. ಅರಳಗುಪ್ಪೆ ಕಡೆಯ ಒಬ್ಬ ಹೆಣ್ಣುಮಗಳು ಮಾತ್ರ ಏನೂ ಹೇಳದೆ ಫೋನ್ ಇಟ್ಟಳು. ಮಕ್ಕಳಾಗಲಿಲ್ಲವೆಂದು ಅತ್ತೆ ಮನೆಗೆ ಗೊತ್ತಾಗದಂತೆ ಗಂಡನ ಜೊತೆ ಬಂದು ಪರೀಕ್ಷೆ ಮಾಡಿಸಿಕೊಳ್ಳುತ್ತಿದ್ದವಳು. ಅವಳಿನ್ನು ಈ ಕಡೆ ತಲೆ ಹಾಕುವುದಿಲ್ಲ ಎಂದುಕೊಂಡೆ.

ಕೆಲವು ದಿನ ಬಿಟ್ಟು ಬೆಳಿಗ್ಗೆ ಬಾಗಿಲು ತೆಗೆದಾಗ ಅವಳು ಮೆಟ್ಟಿಲ ಮೇಲೆ ಕೂತಿದ್ದಳು. ಒಳಗೆ ಬಂದು ಕುರ್ಚಿಯಲ್ಲಿ ಕೂತು, ತೋಳು ಮೇಲೇರಿಸಿ ಕೈ ಚಾಚಿದಳು.

"ಸಿಟ್ಟಿಲ್ವೇನಮ್ಮ?" ಎಂದೆ.

"ಬಂದಿತ್ತು. ಯೋಚ್ನೆ ಮಾಡ್ದೆ ಕಣಕ್ಕ. ನೀವು ಹೇಳ್ದೆ ಇದ್ದಿದ್ರೆ ನಂಗೆಲ್ಲಿ ಗೊತ್ತಾಗ್ತಿತ್ತು? ಹೇಳ್ದೋರ ಹತ್ರನೇ ಬರೋಣ ಅಂತ ಬಂದೆ."

ರಬ್ಬರ್ ಪಟ್ಟಿ ಕಟ್ಟಿ, ನರ ಹುಡುಕಿದೆ. ತಕ್ಷಣ ಸಿಕ್ಕಿತು.

ಆ ರಿಪೋರ್ಟುಗಳು ಎಲ್ಲಿಯಾದರೂ ಹೊರಗೆ ಬಂದ ಸುದ್ದಿ ಇಂದಿನವರೆಗೆ ಇಲ್ಲ. ಬಂದವನು ಯಾರು ಎಂಬುದೂ ತಿಳಿದಿಲ್ಲ, ಪೊಲೀಸರಿಂದ ಇನ್ನೂ ಉತ್ತರವಿಲ್ಲ. ಇಂಜಿನಿಯರ್ ಈಗ ರಜೆ ಸಿಕ್ಕಾಗ ಮಗಳನ್ನು ಕರೆದುಕೊಂಡು ಬಿಳಿಗೆರೆಗೆ ಬರುತ್ತಾರೆ. ನಮ್ಮವರು ತೋಟ ಸುತ್ತಿಸುತ್ತಾರೆ, ನೊಣವಿನಕೆರೆಯಿಂದ ಕೌಂಟರಿನವಳು ಒಬ್ಬಟ್ಟು ಕಟ್ಟಿಕೊಂಡು ಬಂದು ಸೇರಿಕೊಳ್ಳುತ್ತಾಳೆ. ಪಡಸಾಲೆಯಲ್ಲಿ ಎಲೆ ಹಾಕಿ ಎಲ್ಲರನ್ನೂ ಸಾಲಾಗಿ ಕೂರಿಸಿ, ನಾನೇ ನಿಂತು ಬಡಿಸುತ್ತೇನೆ.