ಲಿಲ್ಲಿಬಾಯಿಯ ಭಾನುವಾರಗಳು

ಕಳೆದ ಭಾನುವಾರ ಬೆಳಿಗ್ಗೆ ಕಾರ್ಕಳದಲ್ಲಿ ಲಿಲ್ಲಿಬಾಯಿಯ ತಾಯಿ ತೀರಿಕೊಂಡರು. ಮಗಳು ಆಗ ಎಲ್ಲಿದ್ದರು? ಮಣಿಪಾಲದ ನಮ್ಮ ಲ್ಯಾಬಿನಲ್ಲಿ, ಬಾಟಲಿಗಳ ಮುಂದೆ. ಮನೆಯವರು ಬುಕ್ ಮಾಡಿದ ಟ್ರಂಕ್ ಕಾಲ್ ಸಿಕ್ಕಿದ್ದು ಮಧ್ಯಾಹ್ನ.

(ಈ ಅಂಕಣ ಬರೆಯುವುದು ನನ್ನ ಹವ್ಯಾಸ. ಹೊಟ್ಟೆಪಾಡಿಗೆ ಲಿಲ್ಲಿಬಾಯಿಯಂತೆ ನಾನೂ ಅಲ್ಲಿಯ ಟೆಕ್ನಿಷಿಯನ್.)

ನಮ್ಮಲ್ಲಿ ಗಾಜಿನ ಬಾಟಲಿಗಳಲ್ಲಿ ಜೀವಕೋಶಗಳನ್ನು ಬೆಳೆಸುತ್ತಾರೆ. ದಿನವೂ ಹಳೆಯ ಪೋಷಕ ದ್ರವ ತೆಗೆದು ಹೊಸತು ಹಾಕಬೇಕು. ಕೋಶಗಳಿಗೆ ಭಾನುವಾರ ಗೊತ್ತೇ? ಇದನ್ನೆಲ್ಲ ತಾನೇ ಮಾಡುವ ಯಂತ್ರ ಹೊರದೇಶದಲ್ಲಿದೆಯಂತೆ. ನಮ್ಮಲ್ಲಿಗೆ ಬಂದದ್ದು ಅದರ ಕ್ಯಾಟಲಾಗ್ ಮಾತ್ರ.

ಲಿಲ್ಲಿಬಾಯಿ ಒಬ್ಬಳೇ ಮಗಳು. ತಾಯಿ ಹಾಸಿಗೆ ಹಿಡಿದಿದ್ದರು; ಲ್ಯಾಬಿನ ಭಾನುವಾರದ ಡ್ಯೂಟಿ ಮಗಳದ್ದು. ವಾರಕ್ಕೊಮ್ಮೆಯಾದರೂ ಹೋಗಿ ಬರಲಿ ಎಂದು ನಾನೇ ಒಂದು ಯಂತ್ರ ಕಟ್ಟಿದೆ. ಗುಜರಿ ಜೀಪಿನ ವೈಪರ್ ಮೋಟಾರ್, ಅಲಾರಾಂ ಗಡಿಯಾರ, ಗ್ಲೂಕೋಸ್ ಹಾಕುವ ಟ್ಯೂಬು. ಒಂದು ಟ್ಯೂಬು ಹಳೆಯ ದ್ರವವನ್ನು ಎಳೆಯಬೇಕು, ಇನ್ನೊಂದು ಹೊಸತನ್ನು ಬಿಡಬೇಕು.

"ಇದೆಂತ ಭಟ್ರೇ, ನಿಜವಾಗಿ ಓಡ್ತದಾ?" ಎಂದಿದ್ದರು ಲಿಲ್ಲಿಬಾಯಿ.

ಓಡಿತು! ಮೂರು ಭಾನುವಾರ ಅವರು ತಾಯಿಗೆ ತಮ್ಮ ಕೈಯಾರೆ ಗಂಜಿ ಉಣಿಸಿ ಬಂದರು.

ನಾಲ್ಕನೆಯ ಶನಿವಾರ ಹೊಸ ದ್ರವದ ಟ್ಯೂಬನ್ನು ಬಾಟಲಿಗೆ ಹಿಡಿದಿಡುವ ಕ್ಲಿಪ್ ಬಿಗಿ ಮಾಡಬೇಕಾದವನು ನಾನು. ಪಡುಬಿದ್ರಿಯ ಮದುವೆಗೆ ಬಸ್ಸು ತಪ್ಪೀತೆಂದು ನೋಡದೆ ಹೊರಟೆ. ಸೋಮವಾರ ಬಂದರೆ ಹೊಸ ದ್ರವವೆಲ್ಲ ಮೇಜಿನ ಮೇಲೆ. ಬಾಟಲಿಗಳಲ್ಲಿ ಕೋಶಗಳು ಒಣಗಿ ಸತ್ತಿದ್ದವು. ತಿಂಗಳುಗಟ್ಟಲೆಯ ಕೆಲಸ ಹಾಳು.

ಮುಖ್ಯಸ್ಥರು ಸಿಡಿದರು. "ನಿನ್ನೆ ಡ್ಯೂಟಿ ಯಾರದ್ದು?"

"ನನ್ನದು ಸರ್," ಎಂದರು ಲಿಲ್ಲಿಬಾಯಿ.

ತಪ್ಪು ನನ್ನದು ಎನ್ನಬಹುದಿತ್ತು. ಆದರೆ ನನ್ನ ಪ್ರಮೋಷನ್ ಕಾಗದ ಮುಖ್ಯಸ್ಥರ ಸಹಿಗೆ ಕಾಯುತ್ತಿತ್ತು. ಸುಮ್ಮನಿದ್ದೆ. ಯಂತ್ರ ಮೂಲೆ ಸೇರಿತು. ಲಿಲ್ಲಿಬಾಯಿ ಪ್ರತಿ ಭಾನುವಾರ ಖುದ್ದಾಗಿ ಬರಬೇಕೆಂದು ಆರ್ಡರ್ ಆಯಿತು.

ಮೊನ್ನೆ ಸೋಮವಾರ ಕಾರ್ಕಳಕ್ಕೆ, ಅವರ ತಾಯಿಯನ್ನು ಮಣ್ಣು ಮಾಡುವಲ್ಲಿಗೆ ಹೋಗಿದ್ದೆ. ಎಲ್ಲರೂ ಚದುರಿದ ಮೇಲೆ, ಇಗರ್ಜಿಯ ಅಂಗಳದ ಶಿಲುಬೆಯ ಬಳಿ ಬಾಯಿಬಿಟ್ಟೆ. "ಆವತ್ತು ಕ್ಲಿಪ್ ಬಿಗಿ ಮಾಡದೆ ಹೋದದ್ದು ನಾನು, ಲಿಲ್ಲಿಬಾಯಿ."

"ಗೊತ್ತುಂಟು ಭಟ್ರೇ. ಕ್ಲಿಪ್ ಸಡಿಲ ಇದ್ದದ್ದು ಆವತ್ತೇ ನೋಡಿದ್ದೆ. ನೀವಾಗಿ ಹೇಳ್ತೀರಿ ಅಂತ ಕಾದೆ, ಅಷ್ಟೇ." ಮತ್ತೆ ಅಂದರು: "ಭಾನುವಾರ ಅಮ್ಮ ಬೆಳಗಿನ ಜಾವದಿಂದ ನನ್ನನ್ನೇ ಕೇಳ್ತಾ ಇದ್ದರಂತೆ ಮಾರಾಯ್ರೆ."

ಮರುದಿನ ಮುಖ್ಯಸ್ಥರಿಗೆ ಎಲ್ಲವನ್ನೂ ಬರೆದುಕೊಟ್ಟೆ. ಇನ್ನು ಮುಂದೆ ಭಾನುವಾರದ ಡ್ಯೂಟಿ ನನ್ನದು.

ಸಿಕ್ಕ ರಜೆಯಲ್ಲಿ ಲಿಲ್ಲಿಬಾಯಿ ಈಗ ಯಾರನ್ನು ನೋಡಲು ಹೋಗಬೇಕು?