ಬಿಲ್ಲೆಮಾವನ ಬಾಡಿಗೆಯವರು

ಭಾನುವಾರ ಚರ್ಚಿನಲ್ಲಿ ಜನ ಸಾಲಾಗಿ ನಿಂತು ನಾಲಿಗೆಯ ಮೇಲೆ ಇಡಿಸಿಕೊಳ್ಳುವ ಬಿಳಿಯ ಪ್ರಸಾದದ ಬಿಲ್ಲೆಗಳನ್ನು ಐವತ್ತು ವರ್ಷ ಸುಟ್ಟುಕೊಟ್ಟವರು ನಮ್ಮ ಅಮ್ಮನ ಅಣ್ಣ. ಮನೆಯಲ್ಲಿ, ಬೀದಿಯಲ್ಲಿ, ಕೊನೆಗೆ ಗುರುಗಳ ಬಾಯಲ್ಲೂ ಅವರು ಬಿಲ್ಲೆಮಾವ. ನಮ್ಮ ಚರ್ಚಿನಲ್ಲಿ ದೊಡ್ಡವರಾಗಿಯೂ ಆ ಪ್ರಸಾದ ತೆಗೆದುಕೊಳ್ಳದವರು ಒಬ್ಬರೇ ಇದ್ದರು. ಅದು ಬಿಲ್ಲೆಮಾವನೇ.

ಕೆಲಸ ನೋಡಲು ಸುಲಭ. ನಯವಾದ ಗೋಧಿ ಹಿಟ್ಟು, ನೀರು, ಅಷ್ಟೇ. ಉಪ್ಪಿಲ್ಲ, ಸಕ್ಕರೆಯಿಲ್ಲ, ಹುಳಿ ಬರಿಸುವಂತಿಲ್ಲ. ಹಾಲಿನಷ್ಟು ತೆಳ್ಳಗೆ ಕಲಸಿದ ಹಿಟ್ಟನ್ನು ಶಿಲುಬೆ ಕೆತ್ತಿದ ಎರಡು ಕಬ್ಬಿಣದ ಹಲಗೆಗಳ ನಡುವೆ ಸುರಿದು ಒತ್ತಿದರೆ ಸುಯ್ಯೆಂದು ಆವಿ ಹಾರುತ್ತದೆ, ಕಾಗದದಂಥ ಹಾಳೆ ಏಳುತ್ತದೆ. ಅದನ್ನು ಆಗಲೇ ಕತ್ತರಿಸಲು ಹೋದರೆ ಪುಡಿಪುಡಿ. ಒದ್ದೆ ಬಟ್ಟೆ ಹಾಸಿದ ಕಪಾಟಿನಲ್ಲಿ ಒಂದು ದಿನ ಇಟ್ಟು ಮೆತ್ತಗಾಗಿಸಬೇಕು. ತೇವ ಹೆಚ್ಚಾದರೆ ಬಿಲ್ಲೆ ಬಳಕುತ್ತದೆ, ಕಮ್ಮಿಯಾದರೆ ಕೂದಲೆಳೆಯಷ್ಟು ಬಿರುಕು ಬಿಡುತ್ತದೆ. ಬಿರುಕು ಬಿಟ್ಟ ಬಿಲ್ಲೆಯನ್ನು ಬಲಿಪೀಠಕ್ಕೆ ಕಳಿಸುವಂತಿಲ್ಲ. ಚರ್ಚಿನ ಹಿಂಬದಿಯ ಕೋಣೆಯಲ್ಲಿ ಮಾವ ಒಬ್ಬರೇ ಕುಳಿತು ಪ್ರತಿಯೊಂದನ್ನೂ ಕಿಟಕಿಯ ಬೆಳಕಿಗೆ ಹಿಡಿದು ನೋಡುತ್ತಿದ್ದರು.

ಹತ್ತೊಂಬತ್ತನೆಯ ವಯಸ್ಸಿನಲ್ಲಿ ಅವರು ಗುರುಗಳ ಕಿವಿಗೆ ಪಾಪ ಒಪ್ಪಿಸುವ ಪಾಪನಿವೇದನೆಯ ಜಾಲರಿಯ ಮುಂದೆ ಮೊಣಕಾಲೂರಿ, ತನ್ನ ಮನಸ್ಸು ಹುಡುಗಿಯರ ಕಡೆ ಹೋಗುವುದಿಲ್ಲ, ಗಂಡಸರ ಕಡೆ ಹೋಗುತ್ತದೆ ಎಂದು ಹೇಳಿದರಂತೆ. ಆಗಿನ ಗುರುಗಳು ಸಿಟ್ಟಾಗಲಿಲ್ಲ. ಜ್ವರಕ್ಕೆ ಔಷಧಿ ಬರೆದಂತೆ ಪ್ರಾರ್ಥನೆ ಬರೆದುಕೊಟ್ಟರು, ಬೆಳಿಗ್ಗೆ ಇಷ್ಟು, ಸಂಜೆ ಇಷ್ಟು. ಮಾವ ಹತ್ತೊಂಬತ್ತು ವರ್ಷ ಆ ಔಷಧಿ ತಪ್ಪಿಸಲಿಲ್ಲ. ಜ್ವರವೂ ತಪ್ಪಲಿಲ್ಲ.

ನಡುವೆ ಅಜ್ಜಿ ಒಂದು ಸಂಬಂಧ ತಂದರು. ಹುಡುಗಿ ಶಾಲೆಯಲ್ಲಿ ಪಾಠ ಹೇಳುತ್ತಿದ್ದಳು, ಎಲ್ಲರಿಗೂ ಒಪ್ಪಿಗೆ. ಮಾವ ಅವಳನ್ನು ಚರ್ಚಿನ ಹೊರಗಿನ ಬೆಂಚಿನ ಮೇಲೆ ಕೂರಿಸಿ, ನೀವು ಒಳ್ಳೆಯವರು, ಅದಕ್ಕೇ ಬೇಡ ಅಂತಿದ್ದೀನಿ ಎಂದು ಹೇಳಿ ಎದ್ದು ಬಂದರು. ಆಕೆ ಬೇರೆ ಕಡೆ ಮದುವೆಯಾಗಿ ಸುಖವಾಗಿದ್ದಾರೆ. ಅಜ್ಜಿ ಮಾತ್ರ ಮಗನಿಗೆ ಬಡಿಸಿದ ತಟ್ಟೆಯನ್ನು ಅಂದಿನಿಂದ ಕೈಗೆ ಕೊಡಲಿಲ್ಲ, ಮೇಜಿನ ಮೇಲೆ ತಳ್ಳುತ್ತಿದ್ದರು. ಸಾಯುವವರೆಗೂ ತಳ್ಳಿದರು.

ಮೂವತ್ತೆಂಟಕ್ಕೆ ಮಾವನ ಕಣ್ಣು ಮಂಜಾಯಿತು. ಬಿರುಕು ಬಿಟ್ಟ ಬಿಲ್ಲೆಗಳು ಬಲಿಪೀಠದವರೆಗೆ ಹೋಗಿ ಗುರುಗಳು ಕರೆದು ಹೇಳಿದ ಮೇಲೆ, ಕನ್ನಡಕದ ಅಂಗಡಿಗೆ ಹೋದರು. ಅಂಗಡಿಯ ಒಳಕೋಣೆಯಲ್ಲಿ ಗಾಜು ಉಜ್ಜುತ್ತಿದ್ದವರು ಎದ್ದು ಬಂದು, ಏನು ನೋಡಬೇಕು ನಿಮಗೆ, ಪುಸ್ತಕವೋ ರಸ್ತೆಯೋ ಎಂದು ಕೇಳಿದರು. ಮಾವ ಜೇಬಿನಿಂದ ಒಂದು ಬಿಲ್ಲೆ ತೆಗೆದು, ಇದರ ಬಿರುಕು ಎಂದರು. ಅವರು ಅದನ್ನು ಬೆಳಕಿಗೆ ಹಿಡಿದು, ತಿರುಗಿಸಿ, ಕೊನೆಗೆ ಬಾಯಿಗೆ ಹಾಕಿಕೊಂಡರು.

"ನಿಮ್ಮ ದೇವರಿಗೆ ಉಪ್ಪು ಆಗಲ್ವಾ? ಬಿ.ಪಿ.ನಾ?"

ಮಾವ ಆ ದಿನ ಎಷ್ಟು ನಕ್ಕರೆಂದರೆ ಕಣ್ಣು ಪರೀಕ್ಷೆ ಮಾಡಿಸಿಕೊಳ್ಳಲು ಆಗಲಿಲ್ಲವಂತೆ. ಮರುದಿನ ಮತ್ತೆ ಹೋಗಬೇಕಾಯಿತು. ಆಮೇಲೆ ಕನ್ನಡಕದ ಕಾಲು ಸಡಿಲವೆಂದು, ಮೂಗಿನ ಮೇಲೆ ಒತ್ತುತ್ತದೆಂದು ಹೋದರು. ವರ್ಷ ತುಂಬುವುದರೊಳಗೆ ಕನ್ನಡಕದವರು ಮಾವನ ಮನೆಯ ಮೇಲಿನ ಕೋಣೆಗೆ ಬಾಡಿಗೆಗೆ ಬಂದರು.

ಬಾಡಿಗೆಗೆ ಎಂದು ಬೀದಿಗೆ ಹೇಳಿದ್ದು. ಅದನ್ನು ನಿಜ ಮಾಡಲು ಇಬ್ಬರೂ ಪಟ್ಟ ಪಾಡು ದೊಡ್ಡದು. ಮೇಲಿನ ಕೋಣೆಗೆ ಮಂಚ ತಂದರು, ಮಂಚದಂಗಡಿಯ ಗಾಡಿಯಿಂದ ಹೊಸ ಹಾಸಿಗೆಯನ್ನು ಎಲ್ಲರೂ ನೋಡುವಂತೆ ಇಳಿಸಿದರು. ಬಾಗಿಲಿಗೆ ಬೇರೆ ಕರೆಗಂಟೆ ಹಾಕಿಸಿದರು. ಸಂಜೆಯಾದರೆ ಕನ್ನಡಕದವರು ಮೇಲೆ ಹೋಗಿ ದೀಪ ಹಾಕಿ ಕೆಳಗೆ ಬರುವರು, ಊಟವಾದ ಮೇಲೆ ಹೋಗಿ ಆರಿಸಿ ಬರುವರು. ಮೂವತ್ತೊಂದು ವರ್ಷ ಹೀಗೆ ಮೆಟ್ಟಿಲು ಹತ್ತಿ ಇಳಿದದ್ದಾಯಿತು. ಕನ್ನಡಕದವರಿಗೆ ಮೊಣಕಾಲು ನೋವು ಶುರುವಾದ ಮೇಲೆ ಮಾವನೇ ಹತ್ತುತ್ತಿದ್ದರು. ನಾನು ಹುಟ್ಟುವ ಹೊತ್ತಿಗೆ ಅವರು ಎಲ್ಲರ ಬಾಯಲ್ಲಿ ಬಾಡಿಗೆಯವರು. ಅಮ್ಮನಿಗೆ ಎಲ್ಲ ಗೊತ್ತಿತ್ತು. ಅವಳೂ ಬಾಡಿಗೆಯವರು ಎಂದೇ ಅನ್ನುತ್ತಿದ್ದಳು.

ಮಾವ ಪ್ರಸಾದದ ಸಾಲಿನಿಂದ ಹಿಂದೆ ಸರಿದದ್ದು ಕನ್ನಡಕದವರು ಮನೆಗೆ ಬಂದ ವರ್ಷವೇ. ಪಾಪನಿವೇದನೆಯ ಕೊನೆಗೆ ಎರಡು ಮಾತು ಹೇಳಬೇಕು: ಮಾಡಿದ್ದಕ್ಕೆ ದುಃಖಪಡುತ್ತೇನೆ, ಇನ್ನು ಮಾಡುವುದಿಲ್ಲ. ಅವನ್ನು ಹೇಳದೆ ಕ್ಷಮೆಯಿಲ್ಲ, ಕ್ಷಮೆಯಿಲ್ಲದೆ ಪ್ರಸಾದವಿಲ್ಲ. ಬಿಲ್ಲೆ ಮಾಡಲು ಮಾತ್ರ ಅಡ್ಡಿಯಿರಲಿಲ್ಲ. ಅಕ್ಕಿ ಬೆಳೆದವನ ಹಣೆಬರಹ ಕೇಳಿ ಯಾರಾದರೂ ಊಟ ಮಾಡ್ತಾರಾ ಎಂದು ಆಗಿನ ಗುರುಗಳೇ ಹೇಳಿದ್ದರಂತೆ. ಹಾಗಾಗಿ ಭಾನುವಾರ ಗಂಟೆ ಬಾರಿಸಿ ಜನ ಸಾಲಾಗಿ ಎದ್ದರೆ, ಹಿಂದಿನ ಬೆಂಚಿನಿಂದ ಮಾವನೂ ಏಳುತ್ತಿದ್ದರು. ಎದ್ದು ಪಕ್ಕದ ಬಾಗಿಲಿನಿಂದ ಬಿಲ್ಲೆಯ ಕೋಣೆಗೆ ಹೋಗಿ, ಡಬ್ಬಿಯ ಮುಚ್ಚಳ ತೆಗೆದು, ಮತ್ತೆ ಮುಚ್ಚಿ, ಎಲ್ಲರೂ ಬಂದು ಕುಳಿತ ಮೇಲೆ ಮರಳುತ್ತಿದ್ದರು.

ಅವರಿಗೆ ಅದು ಬರೀ ಹಿಟ್ಟಾಗಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ತನ್ನ ಕೈಯ ಬಿಲ್ಲೆ ಗುರುಗಳ ಕೈಯಲ್ಲಿ ದೇವರಾಗುತ್ತದೆ ಎಂದು ಅವರು ನಂಬಿದ್ದರು, ನಾವು ನಾಳೆ ಬೆಳಗಾಗುತ್ತದೆ ಎಂದು ನಂಬುವ ಹಾಗೆ. ಆ ಹಸಿವು ಅವರನ್ನು ಬಿಡಲಿಲ್ಲ. ಅಮ್ಮ ಎಷ್ಟೋ ಸಲ ಜಗಳವಾಡಿದಳು.

"ಎಲ್ಲರೂ ಹೇಳ್ತಾರಣ್ಣ, ಹೇಳಿ ಮತ್ತೆ ಮಾಡ್ತಾರೆ. ಪಕ್ಕದ್ಮನೆಯವರು ವಾರಾ ವಾರಾ ಕುಡಿಯೋದು ಬಿಡ್ತಾರೆ. ನಿನಗೇನು ಕೋಡು ಬಂದಿದೆಯಾ?"

"ಅವರಿಗೆ ಬಿಡೋ ಆಸೆ ಇದೆ. ನನಗಿಲ್ಲ."

ಕನ್ನಡಕದವರೂ ದೀಕ್ಷಾಸ್ನಾನ ಆದ ಕ್ರೈಸ್ತರೇ, ಆದರೆ ಒಳಗೆ ಬರುತ್ತಿರಲಿಲ್ಲ. ಚರ್ಚಿನ ಕಾಂಪೌಂಡಿನ ಗೋಡೆಯ ಮೇಲೆ ಕುಳಿತು ಪೇಪರು ಓದುತ್ತಾ ಕಾಯುತ್ತಿದ್ದರು. ಮಾವ ಹೊರಬಂದರೆ, ಇವತ್ತಾದರೂ ಊಟಕ್ಕೆ ಕೂರಿಸಿದ್ರಾ, ಇಲ್ಲ ಅಡುಗೆಮನೆವರೆಗೆ ಮಾತ್ರಾನಾ ಎಂದು ಕೇಳುವರು. ಮಾವ ನಗುತ್ತಿರಲಿಲ್ಲ. ಒಮ್ಮೆ ಮಾತ್ರ, ಅಡುಗೆಯವನಿಗೆ ವಾಸನೆಯಲ್ಲೇ ಹೊಟ್ಟೆ ತುಂಬುತ್ತೆ ಎಂದರಂತೆ. ಅದು ಸುಳ್ಳೆಂದು ಇಬ್ಬರಿಗೂ ಗೊತ್ತಿತ್ತು.

ಹೋದ ವರ್ಷ ಕನ್ನಡಕದವರ ಹೊಟ್ಟೆಯಲ್ಲಿ ಗಡ್ಡೆ ಎಂದರು. ಆಸ್ಪತ್ರೆಯ ಕಾಗದದಲ್ಲಿ ರೋಗಿಗೆ ಏನಾಗಬೇಕು ಎಂಬಲ್ಲಿ ಮಾವ 'ಮನೆ ಮಾಲೀಕ' ಎಂದು ಬರೆದರು. ಬರೆದ ಮೇಲೆ ಅದರಂತೆಯೇ ನಡೆಯಿತು. ಡಾಕ್ಟರು ಮುಖ್ಯವಾದದ್ದನ್ನು ಹೇಳಲು ದೂರದೂರಿನಲ್ಲಿದ್ದ ಕನ್ನಡಕದವರ ಅಣ್ಣನ ಮಗನಿಗೆ ಫೋನು ಮಾಡಿದರು. ಅವನು ಅದನ್ನು ಮಾವನಿಗೆ ಹೇಳಬೇಕೆಂದು ಯಾರಿಗೂ ಹೊಳೆಯಲಿಲ್ಲ. ಕೊನೆಯ ಮಧ್ಯಾಹ್ನ ನರ್ಸಮ್ಮ, ಮನೆಯವರು ಮಾತ್ರ ಇರಬಹುದು, ಮಾಲೀಕರು ಸ್ವಲ್ಪ ಹೊರಗಿರಿ ಎಂದಳು. ಮಾವ ಹೊರಗಿದ್ದರು. ಮನೆಯವರು ಯಾರೂ ಬಂದಿರಲಿಲ್ಲ. ಕನ್ನಡಕದವರು ಒಬ್ಬರೇ ಹೋದರು.

ಹೂಳುವಾಗ ಅಣ್ಣನ ಮಗ ಮುಂದೆ ನಿಂತ. ಮಾವ ಬೀದಿಯವರ ಜೊತೆ ನಿಂತು ಸರದಿ ಬಂದಾಗ ಒಂದು ಹಿಡಿ ಮಣ್ಣು ಹಾಕಿದರು.

ಮರುದಿನ ಆತ ಸಾಮಾನು ನೋಡಲು ಮೇಲಿನ ಕೋಣೆಗೆ ಬಂದ. ನಲವತ್ತು ದಾಟಿದ, ಮೆದುಮಾತಿನ ಮನುಷ್ಯ. ಅಮ್ಮನೂ ನಾನೂ ಬಟ್ಟೆ ಮಡಚಿಡಲು ಹೋಗಿದ್ದೆವು. ಆತ ಮಂಚದ ಮೇಲಿನ ಹೊದಿಕೆ ಎಳೆದ. ಕೆಳಗಿನ ಹಾಸಿಗೆ ಅಂಗಡಿಯ ಪ್ಲಾಸ್ಟಿಕ್ ಚೀಲದೊಳಗೇ ಇತ್ತು. ಮೂವತ್ತೊಂದು ವರ್ಷದಲ್ಲಿ ಪ್ಲಾಸ್ಟಿಕ್ಕು ಹಳದಿಯಾಗಿ, ಮುಟ್ಟಿದಲ್ಲಿ ಚಕ್ಕೆ ಏಳುತ್ತಿತ್ತು. ಬೀದಿ ನೋಡುವಂತೆ ದೀಪ ಹಾಕಲು ಮರೆಯದ ಇಬ್ಬರೂ ಹಾಸಿಗೆಯ ಚೀಲ ಬಿಚ್ಚುವುದನ್ನು ಮರೆತಿದ್ದರು.

ಆತ ಹಾಸಿಗೆಯನ್ನೂ ಮಾವನನ್ನೂ ನೋಡಿದ.

"ಚಿಕ್ಕಪ್ಪ ನೆಲದ ಮೇಲೆ ಮಲಗ್ತಿದ್ರಾ?"

ಅಮ್ಮ ಮಡಚುತ್ತಿದ್ದ ಅಂಗಿಯನ್ನು ಬಿಚ್ಚಿ ಮತ್ತೆ ಮಡಚಿದಳು. ಮಾವ ಬಾಗಿಲಿನ ಚೌಕಟ್ಟು ಹಿಡಿದು ನಿಂತಿದ್ದರು.

"ಹೌದಪ್ಪ. ಬೆನ್ನುನೋವು ಅಂತ."

ಅಯ್ಯೋ ಪಾಪ ಎಂದು ಆತ ಹೊದಿಕೆಯನ್ನು ಮೊದಲಿನಂತೆ ಹಾಸಿದ. ಚಿಕ್ಕಪ್ಪನಿಗೆ ಇಷ್ಟು ವರ್ಷ ನೆರಳು ಕೊಟ್ಟಿರಿ ಎಂದು ಮಾವನ ಕೈ ಹಿಡಿದು ಕೃತಜ್ಞತೆ ಹೇಳಿದ. ಮಂಚ, ಹಾಸಿಗೆಗೆ ಆಮೇಲೆ ಗಾಡಿ ಕಳಿಸುತ್ತೇನೆ ಎಂದು ಹೊರಟ.

ಈಗಿನ ಗುರುಗಳು ಒಳ್ಳೆಯವರು. ಅದೇ ಕಷ್ಟ. ಕೆಟ್ಟವರಾಗಿದ್ದರೆ ಮಾವ ಬಾಗಿಲು ಹಾಕಿಕೊಳ್ಳಬಹುದಿತ್ತು. ಒಂದು ತಿಂಗಳು ಕಳೆದ ಮೇಲೆ ಅವರು ಬಿಲ್ಲೆಯ ಕೋಣೆಗೆ ತಾವೇ ಬಂದು ಸ್ಟೂಲು ಎಳೆದುಕೊಂಡು ಕುಳಿತರು. ಕಾದ ಕಬ್ಬಿಣದ ಮುಂದೆ ಬೆವರು ಒರೆಸಿಕೊಳ್ಳುತ್ತಾ, ಅದೂ ಇದೂ ಮಾತಾಡಿ, ಕೊನೆಗೆ ಮಾವನ ಮೊಣಕೈ ಮುಟ್ಟಿ ಹೇಳಿದರು.

"ಇನ್ನೇನು ಅಡ್ಡಿ ಉಳೀತು ಹೇಳಿ. ಅವರು ಹೋದ್ರು. ಬಂದು ಆ ಮಾತು ಹೇಳಿಬಿಡಿ, ಭಾನುವಾರ ನಾನೇ ನಿಮ್ಮ ನಾಲಿಗೆ ಮೇಲೆ ಇಡ್ತೀನಿ. ದಾರಿ ಈಗ ಸುಲಭ ಆಯ್ತಲ್ಲ."

ಕಬ್ಬಿಣದ ನಡುವಿನ ಹಾಳೆ ಕಪ್ಪಾಗುವವರೆಗೂ ಮಾವ ಅದನ್ನು ತೆಗೆಯಲಿಲ್ಲ.

ಆ ವಾರ ಅವರು ನಮ್ಮ ಮನೆಯಲ್ಲಿ ಊಟಕ್ಕೆ ಕುಳಿತು, ಗುರುಗಳು ಹೇಳುವುದರಲ್ಲಿ ತಪ್ಪೇನೂ ಇಲ್ಲ ಎಂದರು. ಇನ್ನು ಮಾಡುವುದಿಲ್ಲ ಎಂಬ ಮಾತು ಈಗ ಸುಳ್ಳಲ್ಲ. ಮೂವತ್ತೊಂದು ವರ್ಷ ತನ್ನ ನಾಲಿಗೆಗೆ ಬಾರದ್ದನ್ನು ಸಾವು ಬಂದು ನಿಜ ಮಾಡಿಕೊಟ್ಟಿದೆ. ಉಳಿದದ್ದು ಒಂದೇ ಮಾತು, ದುಃಖಪಡುತ್ತೇನೆ ಎನ್ನುವುದು. ಅಮ್ಮ, ಹೇಳಿಬಿಡು ಅಣ್ಣ, ದೇವರಿಗೆ ನಿನ್ನ ಹೊಟ್ಟೆಯೊಳಗಿನದು ಗೊತ್ತು ಎಂದಳು. ಮಾವ, ಗೊತ್ತಿರೋದೇ ತೊಂದರೆ ಎಂದರು. ಅಮ್ಮ ಅತ್ತಳು. ನಿನ್ನನ್ನು ಆ ಸಾಲಿನಲ್ಲಿ ಒಂದು ಸಲ ನೋಡಿದರೆ ಸಾಕು ನನಗೆ ಎಂದಳು. ನನಗೂ ಸಾಕು ಎಂದರು ಮಾವ. ಶನಿವಾರ ಹೋಗುವುದೆಂದು ಆಯಿತು.

ಶನಿವಾರ ಅವರು ಒಗೆದ ಅಂಗಿ ಹಾಕಿಕೊಂಡು ಹೋದರು. ಒಳಗೆ ನಡೆದದ್ದನ್ನು ಗುರುಗಳು ಯಾರಿಗೂ ಹೇಳುವಂತಿಲ್ಲ. ಮಾವ ಮನೆಗೆ ಬಂದು ಅಮ್ಮನಿಗೆ ಹೇಳಿದರು, ಆಗ ನಾನೂ ಪಕ್ಕದಲ್ಲಿದ್ದೆ.

ಜಾಲರಿಯ ಮುಂದೆ ಮೊಣಕಾಲೂರಿ ಮಾವ ತನ್ನ ಪಾಪ ಹೇಳಿದರಂತೆ. ಕಾಗದದಲ್ಲಿ ಮನೆ ಮಾಲೀಕ ಎಂದು ಬರೆದೆ. ಹೊರಗಿರಿ ಅಂದಾಗ ಹೊರಗಿದ್ದೆ. ಬೀದಿಯವರ ಜೊತೆ ನಿಂತು ಮಣ್ಣು ಹಾಕಿದೆ. ನೆಲದ ಮೇಲೆ ಮಲಗುತ್ತಿದ್ದ ಎಂದು ಅವನ ಮಗನಂಥವನಿಗೆ ಹೇಳಿದೆ. ಮೂವತ್ತೊಂದು ವರ್ಷ ಜೊತೆಯಲ್ಲಿ ಉಂಡವನನ್ನು ನನಗೆ ಗೊತ್ತೇ ಇಲ್ಲ ಅಂದ ಹಾಗೆ. ಇವಕ್ಕೆಲ್ಲ ದುಃಖಪಡುತ್ತೇನೆ, ಇನ್ನು ಮಾಡುವುದಿಲ್ಲ.

ಗುರುಗಳು, ಮತ್ತೇನು ಎಂದು ಕೇಳಿದರು. ಅಷ್ಟೇ ಎಂದರು ಮಾವ. ನಾನು ಕೇಳಿದ್ದು ಅದಲ್ಲವಲ್ಲ ಎಂದು ಗುರುಗಳು ಮೆತ್ತಗೆ ಹೇಳಿದರು.

"ನನ್ನ ಹತ್ರ ಇರೋ ಪಾಪ ಇದೇ ಫಾದರ್. ನೀವು ಕೇಳ್ತಿರೋದು ನನ್ನ ಹತ್ರ ಇಲ್ಲ. ಅವನ ಜೊತೆ ಇದ್ದಿದ್ದಕ್ಕೆ ನನಗೆ ದುಃಖ ಇಲ್ಲ. ಇದೆ ಅಂತ ಸುಳ್ಳು ಹೇಳಿ ದೇವರನ್ನ ಬಾಯಿಗೆ ಹಾಕ್ಕೊಳ್ಳಲಾ?"

ಜಾಲರಿಯ ಆ ಕಡೆಯಿಂದ ಮೂಗು ಸೇದುವ ಸದ್ದು ಕೇಳಿತಂತೆ. ಗುರುಗಳು ಅಳುತ್ತಿದ್ದರೇನೋ ಎಂದು ಮಾವನಿಗೆ ಅನ್ನಿಸಿತು, ಶೀತವೂ ಇರಬಹುದು. ಆ ಮಾತಿಲ್ಲದೆ ನನ್ನ ಕೈ ಕಟ್ಟಿದೆ ಎಂದರು ಗುರುಗಳು. ನಿಮಗೂ ಮೇಲಿನವರಿದ್ದಾರೆ ಬಿಡಿ ಎಂದು ಮಾವನೇ ಸಮಾಧಾನ ಹೇಳಿ ಎದ್ದರು. ಏಳುವಾಗ ಗುರುಗಳು, ಆ ಅಣ್ಣನ ಮಗನಿಗೆ ಹೇಳಿದ ಸುಳ್ಳನ್ನಾದರೂ ಸರಿ ಮಾಡಿ ಎಂದರು.

ಮಾವ ನಮ್ಮ ಮನೆಯ ಫೋನಿನಿಂದಲೇ ಆತನಿಗೆ ಮಾತಾಡಿದರು. ನಿಮ್ಮ ಚಿಕ್ಕಪ್ಪ ನೆಲದ ಮೇಲೆ ಮಲಗುತ್ತಿರಲಿಲ್ಲ, ಕೆಳಗೆ ನನ್ನ ಜೊತೆ ಇದ್ದರು, ಮೊದಲಿನಿಂದಲೂ ಎಂದರು. ಮಾವ ಫೋನು ಕಿವಿಗೆ ಒತ್ತಿ ಹಿಡಿದಿದ್ದರು. ಕೊನೆಗೆ ಆತ, ಗಾಡಿ ಕಳಿಸಲ್ಲ, ಹಾಸಿಗೆ ನೀವೇ ಇಟ್ಟುಕೊಳ್ಳಿ ಎಂದು ಫೋನು ಇಟ್ಟ. ಅದು ಕರುಣೆಯೋ ಹೇಸಿಗೆಯೋ ಎಂದು ಅಮ್ಮ ಕೇಳಿದಳು. ಮಾವ ತನಗೂ ತಿಳಿಯಲಿಲ್ಲ ಎಂದು ತಲೆಯಾಡಿಸಿದರು.

ಭಾನುವಾರ ಗಂಟೆ ಬಾರಿಸಿತು. ಜನ ಎದ್ದರು. ಮಾವ ಏಳಲಿಲ್ಲ. ಕೋಣೆಯ ಕಡೆಗೂ ಹೋಗಲಿಲ್ಲ. ಬೆಂಚಿನ ತುದಿಯಲ್ಲಿ, ಕೈಗಳನ್ನು ತೊಡೆಯ ಮೇಲಿಟ್ಟು ಕುಳಿತೇ ಇದ್ದರು. ಆ ಸಾಲಿನವರೆಲ್ಲ ಅವರ ಮೊಣಕಾಲು ದಾಟಿಯೇ ಹೋಗಬೇಕಾಯಿತು. ಕೆಲವರು ಸ್ವಲ್ಪ ಜಾಗ ಬಿಡಿ ಎಂದರು. ಒಬ್ಬರು ಅವರನ್ನು ಈಗಷ್ಟೇ ಕಂಡವರಂತೆ ನೋಡಿದರು. ಮುಂದೆ ಗುರುಗಳು ಒಬ್ಬೊಬ್ಬರ ನಾಲಿಗೆಯ ಮೇಲೆ ಇಡುತ್ತಾ, ತಲೆಯೆತ್ತಿ ಹಿಂದಿನ ಬೆಂಚನ್ನು ನೋಡಿ, ಮತ್ತೆ ತಲೆ ತಗ್ಗಿಸಿದರು.

ಅಮ್ಮ ಕೈಮುಗಿದುಕೊಂಡು ಬಾಯಿ ಮುಚ್ಚಿಕೊಂಡು ಮರಳಿ ಬಂದಳು. ಅಣ್ಣನ ಮೊಣಕಾಲು ದಾಟಿ ಪಕ್ಕದಲ್ಲಿ ಕುಳಿತಳು. ಮಾವ ಅವಳ ಕಡೆ ಬಾಗಿದರು.

"ಹೇಗಿದೆ?"

ಪ್ರಸಾದ ಇನ್ನೂ ಕರಗಿರಲಿಲ್ಲ. ಅಮ್ಮನಿಗೆ ಬಾಯಿ ತೆರೆಯಲಾಗಲಿಲ್ಲ.