ಸೌತೆಕಾಯಿ ಜಾಡಿಯ ಪೆನ್ನಿಗ್‌ಗಳು

"ನನ್ನ ಕೈಯಲ್ಲೇ ಹಸಿರಿದೆ ಕಣ್ರೀ! ಒಣಗಿದ ಪೊರಕೆ ಮುಟ್ಟಿದ್ರೂ ಚಿಗುರುತ್ತೆ!"

ಹುಳಿಯಲ್ಲಿ ನೆನೆಸಿದ ಸೌತೆಕಾಯಿ ಮಾರುವ ಒಟ್ಟೀಲಿ ಎಂಬಾಕೆ ಎಲ್ಬೆ ನದಿಯ ದಂಡೆಯ ಸಂತೆಯಲ್ಲಿ ಹೀಗೆ ಕೂಗಿದರೆ, ದೂರದ ಡ್ರೆಸ್ಡೆನ್ನಿನಲ್ಲಿ ಸ್ಯಾಕ್ಸನಿ ದೊರೆಯ ಅರಮನೆ ಕುದುರೆಗಳು ಕಿವಿ ನಿಮಿರಿಸುತ್ತಿದ್ದವು. ಕಾಯಿ ಎಷ್ಟು ಹಸಿರೆಂದರೆ, ಹಸುಗಳು ಹುಲ್ಲುಗಾವಲು ಬಿಟ್ಟು ಅವಳ ಅಂಗಡಿಗೆ ಬಂದು ಸಾಲು ನಿಲ್ಲುತ್ತಿದ್ದವು.

ಐವತ್ತು ದಾಟಿದ ಮೇಲೆ ಅವಳಿಗೆ ಮದುವೆ ಕೂಡಿಬಂತು. ಗಂಡು, ದೋಣಿ ನಡೆಸುವ ಬೆನ್ನೋ ಎಂಬಾತ. ನಮ್ಮ ಕಡೆ ಮದುಮಗಳು ಚಿಕ್ಕಂದಿನಿಂದ ತಾನೇ ಕೂಡಿಟ್ಟ ತಾಮ್ರದ ಪೆನ್ನಿಗ್ ನಾಣ್ಯಗಳನ್ನು ಕೊಟ್ಟೇ ಮದುವೆಯ ಚರ್ಮದ ಜೋಡು ಕೊಳ್ಳಬೇಕು. ಬೆಳ್ಳಿ ಕೊಟ್ಟರೆ ಸಂಸಾರ ಸೋರಿಹೋಗುತ್ತದೆಂದು ಯಾವ ಮೋಚಿಯೂ ಮುಟ್ಟುವುದಿಲ್ಲ.

ಮದುವೆಯ ಬೆಳಿಗ್ಗೆ ಒಟ್ಟೀಲಿ ಮರದ ಮೆಟ್ಟು ಟಕಟಕ ಎನ್ನಿಸುತ್ತ ಮೋಚಿ ಟ್ರೆಂಕ್ನರನ ಅಂಗಡಿಗೆ ಹೋಗಿ ಗಂಟು ಬಿಚ್ಚಿದಳು. ಅವಳದೇ ಸೌತೆಕಾಯಿ ಕಚ್ಚುತ್ತ ಕೂತಿದ್ದ ಟ್ರೆಂಕ್ನರ ಒಂದು ನಾಣ್ಯ ಎತ್ತಿ ಬೆಳಕಿಗೆ ಹಿಡಿದ.

"ಏನಮ್ಮಾ ಇದು? ಕಿರೀಟ ಇಲ್ಲ, ಗುರಾಣಿ ಇಲ್ಲ, ಅಕ್ಷರ ಇಲ್ಲ. ಪೆನ್ನಿಗ್ಗಾ, ಅಂಗಿ ಗುಂಡೀನಾ?"

"ಪೆನ್ನಿಗ್ಗೇ ಮೇಸ್ತ್ರಿ. ಸ್ವಲ್ಪ ಸೊರಗಿವೆ."

"ಸೊರಗಿವೆಯಾ? ಸೀನಿದ್ರೆ ಹಾರ್ಹೋಗ್ತವೆ! ನಂಗೆ ಪೂರಾ ತಾಮ್ರ ಬೇಕು. ಇಲ್ದಿದ್ರೆ ಆ ಮರದ ಮೆಟ್ಟಲ್ಲೇ ಇಗರ್ಜಿಗೆ ನಡಿ. ಪಾದ್ರಿಗಳು ಯಾವ್ದೋ ಕುದುರೆಗೆ ಮದುವೆ ಮಾಡಿಸ್ತಿದೀನಿ ಅಂದ್ಕೋತಾರೆ!"

ಬಾಗಿಲಲ್ಲಿ ನೆರೆದವರು ಬಿದ್ದುಬಿದ್ದು ನಕ್ಕರು. ಇಗರ್ಜಿಯ ಗಂಟೆ ಶುರುವಾಯಿತು.

ನಾಣ್ಯ ಸೊರಗಿದ ಕಾರಣ ಒಟ್ಟೀಲಿಗೆ ಚೆನ್ನಾಗಿ ಗೊತ್ತಿತ್ತು. ಮೂವತ್ತು ತುಂಬಿದಾಗ, ಇನ್ನು ತನಗೆಲ್ಲಿಯ ಗಂಡು ಎಂದುಕೊಂಡು ಆ ಪೆನ್ನಿಗ್‌ಗಳನ್ನು ಹುಳಿ ಜಾಡಿಯ ತಳಕ್ಕೆ ಸುರಿದಿದ್ದಳು. ಸುಮ್ಮನೆ ಕೂರುವ ಬದಲು ಕಾಯಿಗೆ ಬಣ್ಣವನ್ನಾದರೂ ಕೊಡಲಿ ಎಂದು. ಕೈಯ ಹಸಿರೆಂದು ಅವಳು ಊರೆಲ್ಲ ಕೊಚ್ಚಿಕೊಂಡದ್ದು, ಹುಳಿ ಕರಗಿಸಿ ಕಾಯಿಗೆ ಏರಿಸಿದ ಈ ತಾಮ್ರದ ಹಸಿರನ್ನೇ. ಬಾಯಿಬಿಟ್ಟರೆ ಹೆಸರು ಹೋಯಿತು. ಬಿಡದಿದ್ದರೆ ಜೋಡು ಹೋಯಿತು. ಅತ್ತ ಬೆನ್ನೋ, ಜನ್ಮದಲ್ಲಿ ಮೊದಲ ಸಲ ತಲೆ ಬಾಚಿಕೊಂಡು ಕಾಯುತ್ತಿದ್ದಾನೆ.

ಅವಳು ಜೋಡನ್ನು ಎತ್ತಿ ಕಂಕುಳಿಗೆ ಸೇರಿಸಿದಳು.

"ಇಷ್ಟು ವರ್ಷ ಇವು ಎಲ್ಲಿದ್ವು ಗೊತ್ತಾ ಮೇಸ್ತ್ರಿ? ನನ್ನ ಸೌತೆಕಾಯಿ ಜಾಡೀಲಿ! ಆ ಹಸಿರು ಇವುಗಳದ್ದೇ. ದಿನಾ ತಪ್ಪದೆ ಬಂದು ತಿಂದೋರು ಯಾರು? ಕಿರೀಟ, ಗುರಾಣಿ ಎಲ್ಲಾ ಆಗ್ಲೇ ನಿಮ್ಮ ಹೊಟ್ಟೆ ಸೇರಿವೆ. ಮುಂಗಡ ನುಂಗಿ ಕೂತು, ಈಗ ಪೂರಾ ತಾಮ್ರ ಕೇಳ್ತೀರಲ್ಲ!"